ಬೋಳು ಕೋಳಿಗಳ ಮುಂದೆ ಒಂದು ಕುರ್ಚಿ

ಈ ಘಟನೆಯನ್ನು ನಾನು ಬೇರೆ ಬೇರೆ ಜನರ ಮುಂದೆ ಹೇಳಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ಬದಲಾಗಿದೆ ಎಂಬ ಅನುಮಾನ ನನಗಿದೆ. ಒಮ್ಮೆ ಹೇಳುವಾಗ ಬಿಳಿ ಕೋಳಿ ಅಪರಾಧಿ, ಇನ್ನೊಮ್ಮೆ ನಿರಪರಾಧಿ. ಒಮ್ಮೆ ಸತ್ತದ್ದು ಒಂದು ಕೋಳಿ, ಇನ್ನೊಮ್ಮೆ ಎರಡು. ವರ್ಷವೂ ಖಚಿತವಿಲ್ಲ. 2013 ಇರಬೇಕು, ಅಥವಾ ಅದರ ಮರುವರ್ಷ. ರಂಜಾನ್ ತಿಂಗಳು ಉರಿ ಬೇಸಿಗೆಯಲ್ಲೇ ಬರುತ್ತಿದ್ದ ಕಾಲ ಅದು ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ನೋಟ್‌ಬುಕ್ಕು ಇದೆ. ಪ್ರಯೋಗಶಾಲೆಯಲ್ಲಿ ಕಲಿತ ಅಭ್ಯಾಸದಿಂದ ನಾನು ಎಲ್ಲವನ್ನೂ ಬರೆದಿಡುತ್ತಿದ್ದೆ. ಆದರೆ ಬರೆದದ್ದಕ್ಕೂ ನೆನಪಿನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಕೊಕ್ಕಿನಲ್ಲಿ ಕಂದು ಗರಿ ಹಿಡಿದು ನಿಂತ ಬಿಳಿ ಕೋಳಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನದ ಪುಟದಲ್ಲಿ ಅದರ ಬಗ್ಗೆ ಇರುವುದು ಒಂದೇ ಶಬ್ದ, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ: ‘ಬಿಳಿಯದು?’

ಆಗ ನಾನು ಅಬುಧಾಬಿಯಲ್ಲಿ ಪಶು ಆಹಾರ ಮಾರುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಪಶು ಪೋಷಣೆ ಓದಿದ್ದೆ, ವೈದ್ಯನಲ್ಲ. ನಮ್ಮ ಫೀಡು ತಿಂದು ಹಾಲು ಕಡಿಮೆಯಾಯಿತು, ಮೊಟ್ಟೆ ನಿಂತಿತು ಎಂದು ಯಾರಾದರೂ ದೂರಿದರೆ ಹೋಗಿ ನೋಡಿ ವರದಿ ಕೊಡುವುದು ನನ್ನ ಕೆಲಸ. ಮಾಲೀಕರು ಭಟ್ಕಳದವರು, ವ್ಯಾಪಾರದಲ್ಲೇ ಹುಟ್ಟಿ ಬೆಳೆದವರು. ಈದ್ ಮುಗಿದು ಎರಡು ವಾರಕ್ಕೆ ಒಂದು ಬೆಳಿಗ್ಗೆ ನನ್ನನ್ನು ಕರೆದು, “ನಗರದ ಹೊರಗೆ ಒಂದು ವಿಲ್ಲಾದಾಗೆ ಕೋಳಿ ಎಲ್ಲ ಬೋಳಾಗ್ಯದಂತೆ. ಹೋಗಿ ನೋಡ್ಕಂಡ್ ಬಾ ಮಾರಾಯ. ಹಳೇ ಗಿರಾಕಿ” ಎಂದರು.

“ಏನಾಗಿದೆಯಂತೆ?”

“ಎಂತಾಗ್ಯದೋ ನಂಗೆಂತ ಗೊತ್ತು? ಫೀಡಿನಿಂದ ಆದ್ದಲ್ಲ ಅಂತ ಬರ್ಕೊಟ್ಟು ಬಾ, ಸಾಕು.”

“ಫೀಡಿನಿಂದಲೇ ಆಗಿದ್ದರೆ?”

“ಇದಕ್ಕೇ ನಾನು ಓದಿದವರನ್ನ ಕೆಲ್ಸಕ್ಕೆ ಇಟ್ಕಳ್ಳೂದಿಲ್ಲ ಅಂತಿದ್ದದ್ದು” ಎಂದು ನಕ್ಕು ಕಾರಿನ ಕೀಲಿ ಕೊಟ್ಟರು.

ವಿಲ್ಲಾದ ಹಿಂಭಾಗದಲ್ಲಿ ಕಾಂಪೌಂಡ್ ಗೋಡೆಗೆ ಒರಗಿಸಿ ಕಟ್ಟಿದ ಗೂಡು. ಮೂರು ಕಡೆ ತಂತಿ ಬಲೆ, ಮೇಲೆ ತಗಡು. ಒಂದು ಬದಿಗೆ ದೊಡ್ಡ ಎಲಚಿ ಮರ. ಇಪ್ಪತ್ತೆರಡು ಹೇಂಟೆ, ಒಂದು ಹುಂಜ. ಹೆಚ್ಚಿನವು ಕಂದು ಬಣ್ಣದ ಮೊಟ್ಟೆ ಕೋಳಿಗಳು, ಕೆಲವು ಊರ ತಳಿಯವು, ಒಂದು ಅಪ್ಪಟ ಬಿಳಿ. ಬಾಗಿಲು ತೆಗೆದೊಡನೆ ಗಾಳಿಗೆ ಗರಿಗಳು ಎದ್ದು ನನ್ನ ಪ್ಯಾಂಟಿಗೆ ಮೆತ್ತಿಕೊಂಡವು. ಕೆಲವು ಕೋಳಿಗಳ ಕತ್ತು ಕೆಂಪಗೆ ಬೋಳಾಗಿತ್ತು. ಕೆಲವಕ್ಕೆ ಬೆನ್ನೇ ಇಲ್ಲದ ಹಾಗೆ ಕಾಣುತ್ತಿತ್ತು.

ಕೋಳಿಗಳನ್ನೂ ತೋಟವನ್ನೂ ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ. ಐವತ್ತು ದಾಟಿದವರು, ಅದೇ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವರು. ಅವರ ವೀಸಾ ಆ ಮನೆಯದೇ. ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ.

“ಬನ್ನಿ ಡಾಕ್ಟ್ರೇ. ನಿಮ್ಮನ್ನೇ ಕಾಯ್ತಾ ಇದ್ದೆವು.”

“ನಾನು ಡಾಕ್ಟರಲ್ಲ ಕಾಕ. ಫೀಡಿನವನು.”

“ಆಯ್ತು ಡಾಕ್ಟ್ರೇ.”

ಮನೆಯ ದೊಡ್ಡ ಮಗ ಗೂಡಿನ ಹತ್ತಿರವೇ ನಿಂತಿದ್ದ. ಆಫೀಸಿಗೆ ಹೊರಟವನು, ಇಸ್ತ್ರಿ ಮಾಡಿದ ಬಿಳಿ ಕಂದೂರಾ ನಿಲುವಂಗಿಗೆ ಗರಿ ಅಂಟದ ಹಾಗೆ ಎರಡು ಹೆಜ್ಜೆ ದೂರ. ಅವನು ನನ್ನೊಡನೆ ಹಿಂದಿಯಲ್ಲಿ ಮಾತಾಡಿದ. ಕೋಳಿಗಳು ಅವನ ತಾಯಿಯವು. ಆಕೆ ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ರಂಜಾನಿನಲ್ಲಿ ಕಾಕ ಹಗಲೆಲ್ಲ ಮಲಗಿ ಕೋಳಿಗಳಿಗೆ ನೀರು ಮೇವು ಸರಿಯಾಗಿ ಕೊಟ್ಟಿಲ್ಲ ಎಂಬ ಸಂಶಯ ಅವನಿಗೆ. ದನಿ ಏರಿಸದೆ, ಲೆಕ್ಕದ ಮೇಷ್ಟ್ರ ಹಾಗೆ ಹೇಳಿದ: “ಫೀಡು ಕೆಟ್ಟಿದ್ದರೆ ಅಂಗಡಿ ಬದಲಿಸುತ್ತೇನೆ. ಫೀಡು ಸರಿ ಇದ್ದರೆ ಮನುಷ್ಯ ಸರಿ ಇಲ್ಲ. ಅವನ ವೀಸಾ ರಿನೀವಲ್ಲಿಗೆ ಬಂದಿದೆ. ನೀನು ಬರೆದು ಕೊಡು, ನಾನು ಖಲಾಸ್ ಮಾಡುತ್ತೇನೆ.”

ಅಂದರೆ ನನ್ನ ವರದಿಗೆ ಎರಡೇ ಬಾಗಿಲು. ಒಂದರಲ್ಲಿ ನಮ್ಮ ಅಂಗಡಿ ಹೊರಗೆ, ಇನ್ನೊಂದರಲ್ಲಿ ಕಾಕ.

ಕಾಕನಿಗೆ ಹಿಂದಿ ಬರುತ್ತಿತ್ತು. ಎಲ್ಲ ಕೇಳಿಸಿಕೊಂಡರು. ಏನೂ ಕೇಳಿಸದವರ ಹಾಗೆ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಗೂಡಿನ ಮುಂದೆ ಇಟ್ಟು, ನನ್ನ ಕೈಯ ಚೀಲ ತೆಗೆದುಕೊಂಡು ಮೇಲೆ ನೇತು ಹಾಕಿದರು. “ಇಲ್ಲಿ ಕೂತ್ಕೊಳ್ಳಿ. ಇಲ್ಲಿ ನೆರಳುಂಟು” ಎಂದರು. ನನ್ನ ನೆನಪಿನಲ್ಲಿ ಇದು ಹೀಗೇ ಇದೆ. ಎಲಚಿ ಮರದ ಕೊಂಬೆ, ಅದಕ್ಕೆ ನೇತಾಡುವ ನನ್ನ ಚೀಲ, ಕೆಳಗೆ ನಾನು.

ಆ ದಿನ ಮಾಡಿದ ಕೆಲಸದಲ್ಲಿ ತಪ್ಪಿಲ್ಲ, ಅದು ನೋಟ್‌ಬುಕ್ಕಿನಲ್ಲಿದೆ. ಕಾಕ ಒಂದೊಂದೇ ಕೋಳಿಯನ್ನು ಹಿಡಿದು ಕೊಟ್ಟರು. ಪ್ರತಿಯೊಂದರ ಕಾಲಿಗೂ ಬೇರೆ ಬೇರೆ ಬಣ್ಣದ ಕೇಬಲ್ ಟೈ ಸಡಿಲವಾಗಿ ಕಟ್ಟಿದೆ. ಒಂದೊಂದರ ಫೋಟೋ ತೆಗೆದೆ. ಕತ್ತು, ಬೆನ್ನು, ಬಾಲದ ಬುಡ, ಎದೆ, ರೆಕ್ಕೆ, ಹೀಗೆ ಐದು ಭಾಗಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಗುದದ ಸುತ್ತ ಗರಿ ಬಿಡಿಸಿ ಹೇನು ಹುಡುಕಿದೆ. ಒಂದೆರಡು ಹೇನಿದ್ದವು, ಇಷ್ಟು ಹಾನಿ ಮಾಡುವಷ್ಟಲ್ಲ. ಕೂರುವ ದಬ್ಬೆಗಳ ಬಿರುಕಿನಲ್ಲಿ ಚಾಕು ಆಡಿಸಿದೆ. ಕೆಂಪು ಉಣ್ಣೆಗಳು ಹಗಲು ಅಲ್ಲಿ ಅಡಗಿ ಕತ್ತಲಲ್ಲಿ ಹೊರಬಂದು ರಕ್ತ ಹೀರುತ್ತವೆ. ದಬ್ಬೆಯ ಕೆಳಗೆ ಬಿಳಿ ಬಟ್ಟೆ ಹಾಸಿಟ್ಟು ಬೆಳಗಿನ ನಮಾಜಿನ ನಂತರ ನೋಡಿ ಎಂದು ಕಾಕನಿಗೆ ಹೇಳಿದೆ. ಮರುದಿನ ಫೋನು ಬಂತು: “ಬಟ್ಟೆಯಲ್ಲಿ ಹಿಕ್ಕೆ ಬಿಟ್ರೆ ಎಂತದೂ ಇಲ್ಲ ಡಾಕ್ಟ್ರೇ. ತೊಳೀಲಿಕ್ಕೆ ಹಾಕ್ಲಾ?”

ನೆಲದಿಂದ ಹೆಕ್ಕಿದ ಗರಿಗಳೇ ನನ್ನನ್ನು ಗೊಂದಲಕ್ಕೆ ಹಾಕಿದ್ದು. ಗರಿ ತಾನಾಗಿ ಉದುರಿದರೆ ಅದರ ಬುಡ ಸ್ವಚ್ಛವಾಗಿ, ಚೂಪಾಗಿ, ಪಾರದರ್ಶಕವಾಗಿ ಇರುತ್ತದೆ. ಇನ್ನೊಂದು ಕೋಳಿ ಕುಕ್ಕಿದರೆ ದಂಟು ಮುರಿದಿರುತ್ತದೆ, ಅಂಚು ಹರಿದಿರುತ್ತದೆ. ಹುಂಜ ಏರಿ ಏರಿ ಸವೆದದ್ದಾದರೆ ಗರಿಯ ಅಂಚು ತೇದು ದಂಟು ಉಳಿದಿರುತ್ತದೆ, ಬೆನ್ನಿನಲ್ಲಿ ಉಗುರಿನ ಗೀರೂ ಇರುತ್ತದೆ. ನನ್ನ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಬಗೆಯ ಪುರಾವೆಯೂ ಇತ್ತು. ಒಂದೇ ರೋಗಕ್ಕೆ ಒಂದೇ ಕಾರಣ ಹುಡುಕು, ಸರಳವಾದದ್ದನ್ನು ಮೊದಲು ನಂಬು ಎಂದು ನನಗೆ ಕಲಿಸಿದ್ದರು. ನಾನು ಆ ಚೀಲವನ್ನು ಎಲೆಕ್ಟ್ರಾ ಸ್ಟ್ರೀಟಿನ ರೂಮಿಗೆ ತಂದು ಹಾಸಿಗೆಯ ಮೇಲೆ ಸುರಿದು ಮೂರು ಗುಂಪು ಮಾಡಿದೆ. ಜೊತೆಗಿದ್ದವರು ಎರಡು ದಿನ ಸೀನಿದರು. ಮೂರು ಗುಂಪೂ ಹೆಚ್ಚು ಕಡಿಮೆ ಸಮ ಇದ್ದವು.

ಫೀಡಿನ ಸ್ಯಾಂಪಲ್ಲು ಲ್ಯಾಬಿಗೆ ಹೋಯಿತು. ಪ್ರೋಟೀನು ಚೀಲದ ಮೇಲೆ ಬರೆದಷ್ಟೇ ಇತ್ತು. ಮಾಲೀಕರು ಸಂತೋಷಪಟ್ಟು, “ಆಯ್ತಲ್ಲ? ಬರ್ದ್ ಕೊಡು” ಎಂದರು. ಒಂದು ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲಲ್ಲಿ ನಿಂತದ್ದು ಕಾಕ. ಇನ್ನೂ ಪರೀಕ್ಷೆ ಇದೆ ಎಂದು ಸುಳ್ಳು ಹೇಳಿ ನಾನು ಮತ್ತೆ ಹೋದೆ.

ಎರಡನೆಯ ಸಲ ಬೆಳಿಗ್ಗೆ ಆರಕ್ಕೇ ತಲುಪಿ ಅದೇ ಕುರ್ಚಿಯಲ್ಲಿ ಕುಳಿತು ಕೋಳಿಗಳ ವರ್ತನೆಯನ್ನೇ ನೋಡಿದೆ. ಹತ್ತು ನಿಮಿಷಕ್ಕೊಂದು ಗೆರೆ ಎಳೆದು, ಯಾವ ಬಣ್ಣದ ಕಾಲು ಯಾವ ಬಣ್ಣದ ಕಾಲನ್ನು ಎಷ್ಟು ಸಲ ಕುಕ್ಕಿತು ಎಂದು ಗುರುತು ಹಾಕಿದೆ. ಹಿಂಡಿನಲ್ಲಿ ಒಂದು ಮೇಲು ಕೀಳು ಇರುತ್ತದೆ. ಮೇಲಿನದು ಮೇವಿನ ತಟ್ಟೆಗೆ ಮೊದಲು ಬರುತ್ತದೆ, ಅಡ್ಡ ಬಂದದ್ದರ ತಲೆಗೆ ಒಂದು ಕುಟುಕು ಕೊಡುತ್ತದೆ. ಅದು ಶಿಸ್ತು, ಅದರಿಂದ ಗರಿ ಹೋಗುವುದಿಲ್ಲ. ಗರಿ ಕೀಳುವ ಕುಕ್ಕು ಬೇರೆ. ಹಿಂದಿನಿಂದ, ಮೆಲ್ಲಗೆ, ಜಗಳವಿಲ್ಲದೆ, ಹುಳ ಹೆಕ್ಕುವ ಹಾಗೆ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಆದರೆ ಬಿಸಿಲೇರಿದ ಮೇಲೆ, ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು, ಇಪ್ಪತ್ತಮೂರು ಜೊತೆ ಕಾಲುಗಳ ನಡುವೆ ಯಾವುದು ಶಿಸ್ತು ಯಾವುದು ಕಳ್ಳತನ ಎಂದು ಬೇರ್ಪಡಿಸುವುದು ಪುಸ್ತಕದಲ್ಲಿದ್ದಷ್ಟು ಸುಲಭವಿರಲಿಲ್ಲ.

ಕಣ್ಣಿಗೆ ಬಿದ್ದದ್ದು ಬಿಳಿಯದು. ಇಡೀ ಗೂಡಿನಲ್ಲಿ ಒಂದು ಗರಿಯನ್ನೂ ಕಳೆದುಕೊಳ್ಳದ ಕೋಳಿ ಅದೊಂದೇ. ಕಾಕ ಅದನ್ನು ಮದುಮಗಳು ಎನ್ನುತ್ತಿದ್ದರು. ಎಲ್ಲರ ಮೈಯಲ್ಲೂ ಗಾಯವಾಗಿ ಒಬ್ಬನ ಮೈ ಮಾತ್ರ ಸರಿ ಇದ್ದರೆ ಹೊಡೆದವನು ಅವನೇ. ಇದು ನನ್ನ ತರ್ಕ. ಆಗ ಅದು ಒಂದು ಕಂದು ಕೋಳಿಯ ಹಿಂದೆ ನಿಂತು ಬಾಲದ ಬುಡದಿಂದ ಗರಿ ಎಳೆದು ನುಂಗಿತು. ಎಳೆಯಿತು ಎಂದು ನೆನಪು. ‘ಬಿಳಿಯದು?’ ಎಂದು ನೋಟ್‌ಬುಕ್ಕು.

“ಕಾಕ, ಇದನ್ನು ಬೇರೆ ಹಾಕಿ.”

“ಮದುಮಗಳನ್ನಾ? ಅವಳು ಎಂತ ಮಾಡಿದ್ಲು?”

“ಅವಳೇ ಎಲ್ಲರ ಗರಿ ಕೀಳ್ತಿರೋದು.”

ಕಾಕ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಅದರ ಬೆನ್ನು ಸವರಿದರು. “ನಂಗೇನೋ ಹಾಗೆ ಕಾಣುದಿಲ್ಲ. ಆದ್ರೆ ನೀವು ಓದಿದವರು.” ಒಂದು ಹಳೆಯ ತಂತಿ ಪಂಜರಕ್ಕೆ ಅದನ್ನು ಹಾಕಿ ಗೂಡಿನಿಂದ ದೂರ ಇಟ್ಟರು. ಆಮೇಲೆ ನನ್ನ ಮುಖ ನೋಡಿ ನಕ್ಕರು. ಬಿಸಿಲಿಗೆ ನನ್ನ ಮೂಗಿನ ತುದಿ ಸುಲಿಯತೊಡಗಿತ್ತು. “ಕೋಳಿಗೆ ಬಂದದ್ದು ನಿಮಗೂ ಬಂತಲ್ಲ ಮಾರಾಯ್ರೆ!”

ಅವತ್ತೇ ಮನೆಯ ಅಜ್ಜಿಯನ್ನು, ಆ ಮಗನ ತಾಯಿಯನ್ನು, ಮೊದಲು ಕಂಡದ್ದು. ಕೆಲಸದವರೆಲ್ಲ ಆಕೆಯನ್ನು ಮಾಮಾ ಕಬೀರಾ, ದೊಡ್ಡಮ್ಮ ಎನ್ನುತ್ತಿದ್ದರು. ಕೋಲು ಊರಿಕೊಂಡು ಬಂದು ಬಲೆಯಾಚೆ ನಿಂತು, ಹಳೆಯ ಕಾಲದ ಮುಂಬಯಿ ಹಿಂದಿಯಲ್ಲಿ, “ನನ್ನ ಕೋಳಿಗಳು ಬಟ್ಟೆ ಬಿಚ್ಚಿ ನಿಂತಿವೆ. ಗಂಡಸರೆಲ್ಲ ಸುತ್ತ ನಿಂತು ನೋಡುತ್ತಿದ್ದೀರಿ. ನಾಚಿಕೆಯಾಗುವುದಿಲ್ಲವೇ? ಬಟ್ಟೆ ಹಾಕಿಸು” ಎಂದರು.

ಒಂದು ವಾರದ ನಂತರ ಹೋದಾಗ ಒಂದು ಕಂದು ಕೋಳಿ ಸತ್ತಿತ್ತು. ಹಸಿರು ಟೈ. ಬಾಲದ ಬುಡದಲ್ಲಿ ರಕ್ತ ಬಂದಿದೆ, ರಕ್ತದ ಬಣ್ಣ ಕಂಡೊಡನೆ ಉಳಿದವು ಮುತ್ತಿವೆ. ಇನ್ನೆರಡಕ್ಕೆ ಗಾಯ. ಬಿಳಿಯದು ಆ ಇಡೀ ವಾರ ಪಂಜರದಲ್ಲೇ ಇತ್ತು.

ಮದುಮಗಳು ಕಾರಣವಾಗಿದ್ದರೆ ಅವಳು ಹೋದ ಮೇಲೆ ಕುಕ್ಕುವುದು ನಿಲ್ಲಬೇಕಿತ್ತು. ನಿಲ್ಲುವ ಬದಲು ಹೆಚ್ಚಿತು. ಹಿಂಡಿನಿಂದ ಒಂದನ್ನು ತೆಗೆದರೆ ಉಳಿದವು ತಮ್ಮ ತಮ್ಮ ಜಾಗಕ್ಕೆ ಹೊಸದಾಗಿ ಹೊಡೆದಾಡುತ್ತವೆ ಎಂಬುದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಹಸಿರು ಟೈ ಸತ್ತದ್ದು ಅದರಿಂದಲೋ, ಹೇಗಿದ್ದರೂ ಸಾಯುತ್ತಿತ್ತೋ ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಮಗ ಬಂದು ಸತ್ತ ಕೋಳಿಯನ್ನು ನೋಡಿ, “ಬಿಳಿಯದನ್ನು ಬೇರೆ ಹಾಕಲು ಹೇಳಿದ್ದು ಯಾರು?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಕಾಕ, “ನಾನೇ ಹಾಕಿದ್ದು” ಎಂದುಬಿಟ್ಟರು. ಹಾಕಿದ ಕೈ ಅವರದ್ದು ನಿಜ. ನಾನು ಆಮೇಲೂ ಬಾಯಿ ತೆರೆದೆನೇ? ತೆರೆದೆ ಎಂದು ನೆನಪಿದೆ, ಆದರೆ ಈ ನೆನಪು ನನಗೆ ತುಂಬ ಅನುಕೂಲವಾದದ್ದು, ಅದಕ್ಕೇ ಅದನ್ನು ನಂಬುವುದಿಲ್ಲ. ಮಗ ವಾರದ ಕೊನೆಗೆ ವರದಿ ಬೇಕೆಂದು ಹೇಳಿ ಕಾರು ಹತ್ತಿದ.

ಕಾಕ ಹಸಿರು ಟೈಯನ್ನು ಹೂತು, ನಲ್ಲಿಯ ಕೆಳಗೆ ಕೈ ತೊಳೆಯುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು: “ನೋಂಬಿನ ತಿಂಗಳಲ್ಲಿ ಎಷ್ಟು ಚಂದ ಇದ್ದವು. ನಮ್ಮೊಟ್ಟಿಗೇ ಎದ್ದು, ನಮ್ಮೊಟ್ಟಿಗೇ ತಿಂದು.”

“ನಿಮ್ಮೊಟ್ಟಿಗೆ ಎದ್ದು ಅಂದರೆ?”

“ರಾತ್ರಿ. ಹಗಲು ನಾವು ಉಪವಾಸ, ಇವಕ್ಕೆ ಸೆಕೆಗೆ ತಿನ್ಲಿಕ್ಕೆ ಮನಸ್ಸಿಲ್ಲ. ರಾತ್ರಿ ತಂಪಿಗೆ ನಾನು ಇವಕ್ಕೂ ಫೀಡು ಹಾಕ್ತಿದ್ದೆ. ಬೆಳಗಿನ ಜಾವ ಸಹರಿ ಊಟದವರೆಗೂ ತಿರುಗಾಡ್ತಿದ್ದವು. ಒಂದೂ ಸೆಕೆಗೆ ಸಾಯ್ಲಿಲ್ಲ ಈ ವರ್ಷ.”

“ಕತ್ತಲಲ್ಲಿ ಕೋಳಿ ತಿರುಗಾಡುವುದಿಲ್ಲ ಕಾಕ. ಕತ್ತಲಾದರೆ ಅದಕ್ಕೆ ಕಣ್ಣೇ ಕಾಣುವುದಿಲ್ಲ.”

“ಕತ್ತಲೆ ಎಲ್ಲಿತ್ತು?” ಅವರು ಗೇಟಿನ ಕಡೆ ನೋಡಿದರು. ಕಾರು ಹೋಗಿತ್ತು. “ಇಲ್ಲೇ ಟೆಂಟ್ ಹಾಕಿದ್ರಲ್ಲ, ಇಫ್ತಾರಿಗೆ, ಬಂದವರಿಗೆ ಕೂತ್ಕೊಳ್ಳಿಕ್ಕೆ. ಮೂವತ್ತು ದಿನ ಮದುವೆ ಮನೆ ಹಾಗೆ ಲೈಟು. ಈದ್ ಆಯ್ತು, ಟೆಂಟು ಬಿಚ್ಚಿದ್ರು, ಲೈಟು ಆಫ್. ಅದಾಗಿ ಒಂದು ವಾರಕ್ಕೆ ಇದು ಶುರು.”

ನಾನು ಕುರ್ಚಿಯಲ್ಲಿ ಕುಳಿತು ಈದ್‌ನಿಂದ ದಿನ ಎಣಿಸಿದೆ. ಕೋಳಿ ತನ್ನ ಗರಿ ಬದಲಿಸುವ ಕಾಲವನ್ನು ಬೆಳಕಿನಿಂದ ತಿಳಿಯುತ್ತದೆ. ದಿನ ಉದ್ದವಿರುವಷ್ಟು ಕಾಲ ಮೊಟ್ಟೆ ಇಡುತ್ತದೆ, ದಿನ ಗಿಡ್ಡವಾದಾಗ ಮೊಟ್ಟೆ ನಿಲ್ಲಿಸಿ ಹಳೆಯ ಗರಿ ಉದುರಿಸಿ ಹೊಸದು ಬೆಳೆಸುತ್ತದೆ. ಇದು ಮೊದಲ ವರ್ಷದ ಪಾಠ. ಈ ಕೋಳಿಗಳಿಗೆ ಒಂದು ತಿಂಗಳು ರಾತ್ರಿಯೇ ಇರಲಿಲ್ಲ. ಆಮೇಲೆ ಒಂದು ಸಂಜೆ ಸ್ವಿಚ್ಚು ಆರಿತು. ಅವುಗಳ ಮಟ್ಟಿಗೆ ಬೇಸಿಗೆಯಿಂದ ಚಳಿಗಾಲಕ್ಕೆ ಒಂದೇ ಹೆಜ್ಜೆ. ಮುದಿ ಗರಿಯೆಲ್ಲ ಒಟ್ಟಿಗೆ ಉದುರಿದವು. ಹೊಸ ಗರಿ ಹುಟ್ಟುವಾಗ ಅದರ ಮೊಳಕೆಯೊಳಗೆ ರಕ್ತ ತುಂಬಿರುತ್ತದೆ, ಬೋಳು ಚರ್ಮದ ಮೇಲೆ ನೀಲಿಗೆಂಪು ಮೊಳೆಗಳಾಗಿ ಎದ್ದು ಕಾಣುತ್ತದೆ. ಸೆಕೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಇನ್ನೊಂದು ಕೋಳಿ ಅದನ್ನು ಕುಕ್ಕುತ್ತದೆ. ಚೀಲದಲ್ಲಿದ್ದ ಎರಡು ಗುಂಪಿಗೆ ಇದು ಉತ್ತರ. ಮೂರನೆಯದಕ್ಕೆ ಹುಂಜ ಇದ್ದೇ ಇದ್ದ.

“ಮದುಮಗಳಿಗೆ ಎಷ್ಟು ವಯಸ್ಸು?”

“ಅವಳು ಈ ವರ್ಷದ ಮರಿಯಲ್ವಾ. ಚಳಿಗಾಲದಲ್ಲಿ ನಾನೇ ಕಾವಿಗೆ ಇಟ್ಟದ್ದು.”

ಆ ವರ್ಷದ ಮರಿ ಆ ವರ್ಷವೇ ಹೀಗೆ ಗರಿ ಬದಲಿಸುವುದಿಲ್ಲ. ಅವಳ ಮೈ ತುಂಬ ಗರಿ ಇದ್ದದ್ದು ಎಳೆತನಕ್ಕೆ, ದುಷ್ಟತನಕ್ಕಲ್ಲ. ಇಷ್ಟು ದಿನ ಇದನ್ನೆಲ್ಲ ಏಕೆ ಹೇಳಲಿಲ್ಲ ಎಂದು ನಾನು ರೇಗಿದೆ.

“ನೀವು ಫೀಡು ಕೇಳಿದ್ರಿ, ಹೇಳಿದೆ. ಮದ್ದು ಕೇಳಿದ್ರಿ, ಹೇಳಿದೆ. ವಯಸ್ಸು ಇವತ್ತು ಕೇಳಿದ್ರಿ.”

“ಲೈಟು?”

ಕಾಕ ದನಿ ತಗ್ಗಿಸಿದರು. “ನೋಂಬು ಬಿಡಿಸ್ಲಿಕ್ಕೆ ಊರಿಗೆಲ್ಲ ಹಾಕಿದ ಟೆಂಟು ಅದು. ಎಷ್ಟು ಡ್ರೈವರುಗಳು, ಎಷ್ಟು ಕೂಲಿಯವರು ತಿಂದು ಹೋದ್ರು. ಆ ಬೆಳಕಿನಿಂದ ಕೋಳಿ ಹಾಳಾಯ್ತು ಅಂತ ಅವರ ಅನ್ನ ತಿಂದ ನಾನು ಅವರ ಮಗನ ಎದುರು ಹೇಳ್ಲಿಕ್ಕೆ ಉಂಟಾ? ನಾನೂ ಅಲ್ಲೇ ಕೂತು ನೋಂಬು ಬಿಟ್ಟವ.”

ಈಗ ನನಗೆ ಕಾರಣ ಗೊತ್ತಿತ್ತು, ಬರೆಯುವುದು ಹೇಗೆಂದು ಗೊತ್ತಿರಲಿಲ್ಲ. ‘ರಂಜಾನಿನ ದೀಪಗಳು’ ಎಂದು ಬರೆದರೆ ಕಾಕ ಚಾಡಿ ಹೇಳಿದ ಹಾಗಾಗುತ್ತದೆ. ‘ಸಹಜ ಗರಿ ಬದಲು’ ಎಂದಷ್ಟೇ ಬರೆದರೆ, ಸಹಜವಾದರೆ ಕೋಳಿ ಸತ್ತದ್ದೇಕೆ ಎಂದು ಮಗ ಕೇಳುತ್ತಾನೆ. ಎರಡು ದಿನ ನಾಲ್ಕು ವರದಿ ಬರೆದು ಹರಿದೆ. ಕೊನೆಗೆ ತೀರ್ಮಾನಿಸಿದ್ದು ಇಷ್ಟು: ವರದಿಯನ್ನು ಮಗನಿಗೆ ಕೊಡುವುದಿಲ್ಲ, ಕೋಳಿಗಳ ಒಡತಿಗೆ ಕೊಡುತ್ತೇನೆ. ಕಾಗದದಲ್ಲಿ ಅಲ್ಲ.

ಮರುದಿನ ಬೆಳಿಗ್ಗೆ ಕಾಕ ಒಂದು ಬೋಳು ಕತ್ತಿನ ಕೋಳಿಯನ್ನು ಹಿಡಿದು ತಂದು ಮಾಮಾ ಕಬೀರಾ ಅವರ ಮುಂದೆ ನಿಂತರು. ಮಗನೂ ಇದ್ದ. ನಾನು ಆಕೆಯ ಬೆರಳನ್ನು ಕೋಳಿಯ ಕತ್ತಿಗೆ ತಾಗಿಸಲು ಹೇಳಿದೆ. ಮೊಳಕೆಗಳು ಆಗಲೇ ಚುಚ್ಚುವಷ್ಟು ಬೆಳೆದಿದ್ದವು.

“ಇದೇನು, ಮುಳ್ಳು?”

“ಹೊಸ ಬಟ್ಟೆ ದೊಡ್ಡಮ್ಮ. ಈದ್‌ಗೆ ಹೊಲಿಸಲು ಕೊಟ್ಟಿದ್ದವು. ದರ್ಜಿ ತಡಮಾಡಿದ್ದಾನೆ. ಹಳೆಯದನ್ನು ಬಿಚ್ಚಿ ಕಾಯುತ್ತಿವೆ.”

ಆಕೆ ಮತ್ತೊಮ್ಮೆ ಮುಟ್ಟಿ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. “ದರ್ಜಿಗಳೇ ಹಾಗೆ. ಎಷ್ಟು ದಿನವಂತೆ?”

“ಮೂರು ವಾರ. ಅಷ್ಟು ದಿನ ಗೂಡು ಸ್ವಲ್ಪ ಮಬ್ಬಾಗಿರಬೇಕು. ಸಂಜೆ ಮೇಲೆ ಬೆಳಕು ಬೇಡ. ಯಾರದ್ದೂ ತಪ್ಪಿಲ್ಲ.”

ಮಗ ನನ್ನನ್ನೂ ಕಾಕನನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತೇ ಎಂದು ನನಗೆ ತಿಳಿಯಲಿಲ್ಲ. “ಮೂರು ವಾರ,” ಎಂದ. “ಬಟ್ಟೆ ಬರದಿದ್ದರೆ ಖಲಾಸ್. ಇವನೂ, ನಿನ್ನ ಅಂಗಡಿಯೂ.”

ಆ ಮೂರು ವಾರ ನಾವು ಮಾಡಿದ ಕೆಲಸ ಬಹಳ ಸರಳ. ಬಲೆಯ ಎರಡು ಬದಿಗೆ ಖಾಲಿ ಫೀಡಿನ ಗೋಣಿ ಕಟ್ಟಿದೆವು. ಹುಂಜನನ್ನು ಬೇರೆ ಇಟ್ಟೆವು. ಗಾಯಕ್ಕೆ ನೇರಳೆ ಬಣ್ಣದ ಸ್ಪ್ರೇ, ಕೆಂಪು ಕಾಣದ ಹಾಗೆ. ಆಡಿಗೆ ಹಾಕುವ ಹಸಿಹುಲ್ಲಿನ ಕಟ್ಟುಗಳನ್ನು ಎತ್ತರದಲ್ಲಿ ನೇತು ಹಾಕಿ ಕೊಕ್ಕುಗಳಿಗೆ ಕೆಲಸ ಕೊಟ್ಟೆವು. ಗರಿಯೆಂದರೆ ಬಹುಪಾಲು ಪ್ರೋಟೀನು, ಅದಕ್ಕೆ ಏನಾದರೂ ಹೆಚ್ಚು ಬೇಕೆಂದಾಗ ಕಾಕ ಒಣ ಬೂತಾಯಿ ಮೀನು ನೆನೆಸಿ ಪುಡಿ ಮಾಡಿ ಬೆರೆಸಿದರು. “ಮೊಟ್ಟೆ ಮೀನಿನ ವಾಸನೆ ಬರುತ್ತದೆ” ಎಂದೆ. “ಮೊಟ್ಟೆ ಇಟ್ಟರಲ್ವಾ ವಾಸನೆ ಬರ್ಲಿಕ್ಕೆ” ಎಂದರು. ಸಂಜೆ ಮಗ್ರಿಬ್ ನಮಾಜಿನ ಹೊತ್ತಿನಲ್ಲಿ, ಎಲ್ಲವೂ ದಬ್ಬೆ ಏರಿದ ಮೇಲೆ, ಮದುಮಗಳನ್ನು ಮೆಲ್ಲಗೆ ನಡುವೆ ಕೂರಿಸಿದರು. ಬೆಳಿಗ್ಗೆ ಸಣ್ಣ ಜಗಳವಾಯಿತಂತೆ, ಅಷ್ಟೆ.

ನಾನು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಹತ್ತನೆಯ ದಿನ ಇನ್ನೊಂದು ಕೋಳಿಗೆ ರಕ್ತ ಬಂತೆಂದು ಕೇಳಿ ಕೆಲಸ ಬಿಟ್ಟು ಓಡಿದೆ. ಬಲೆಗೆ ತಾಗಿದ ಗೀರು. ಮೂರನೆಯ ವಾರದ ಕೊನೆಗೆ ಕತ್ತುಗಳೆಲ್ಲ ಮುಳ್ಳುಹಂದಿಯ ಹಾಗಿದ್ದವು, ಕೆಲವು ಮುಳ್ಳುಗಳ ತುದಿ ಬಿರಿದು ಕಂದು ಕುಚ್ಚು ಹೊರಬಂದಿತ್ತು. ಬೆನ್ನುಗಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಮಾಮಾ ಕಬೀರಾ ಬಂದು ಒಂದೊಂದನ್ನೂ ಮುಟ್ಟಿ ನೋಡಿ, ಮಗನ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಹೇಳಿದರು. ಕಾಕ ಕಣ್ಣು ಒರೆಸಿಕೊಂಡರು. ಏನೆಂದರು ಎಂದು ಕೇಳಿದೆ. “ದರ್ಜಿಯನ್ನು ಕಳಿಸಬೇಡ ಅಂದ್ರು,” ಎಂದರು. ವೀಸಾ ರಿನೀವಲ್ ಆಯಿತು.

ನಾನು ಗೆದ್ದೆ ಎಂದು ಹೇಳಿಕೊಳ್ಳಲಾರೆ. ಏನೂ ಮಾಡದಿದ್ದರೂ ಆ ಗರಿಗಳು ಬರುತ್ತಿದ್ದವೇನೋ. ಗೋಣಿ ಕಟ್ಟದ ಇನ್ನೊಂದು ಗೂಡು ಪಕ್ಕದಲ್ಲಿ ಇರಲಿಲ್ಲ, ಹೋಲಿಸಿ ನೋಡಲು. ಆದರೂ ಆ ಕಥೆಯನ್ನು ಜನರಿಗೆ ಹೇಳುವಾಗ ಒಂದು ಮಾತನ್ನು ಮಾತ್ರ ಬದಲಿಸದೆ ಹೇಳುತ್ತಿದ್ದೆ: ‘ನಿಮ್ಮೊಟ್ಟಿಗೆ ಎದ್ದು ಅಂದರೆ?’ ಎಂದು ಕೇಳಿದವನು ನಾನು. ಆ ಪ್ರಶ್ನೆಯಿಂದ ಗಂಟು ಬಿಚ್ಚಿತು.

ನಾಲ್ಕೈದು ವರ್ಷದ ನಂತರ ಬರ್ ದುಬೈಯಲ್ಲಿ, ಅಬ್ರಾ ದೋಣಿಗಳು ನಿಲ್ಲುವಲ್ಲಿಂದ ಸ್ವಲ್ಪ ಒಳಗೆ, ಒಂದು ಬಟ್ಟೆ ಅಂಗಡಿಯಿಂದ “ಓ ಡಾಕ್ಟ್ರೇ!” ಎಂಬ ಕೂಗು ಕೇಳಿಸಿತು. ಕಾಕ. ಮಾಮಾ ಕಬೀರಾ ತೀರಿಹೋದ ಮೇಲೆ ಕೋಳಿ ಸಾಕುವವರಿಲ್ಲದೆ, ತಾವೇ ಕೇಳಿಕೊಂಡು, ಸಂಬಂಧಿಕರ ಅಂಗಡಿಗೆ ಬಂದಿದ್ದರು. ಚಹಾ ತರಿಸಿದರು. ಮರುವರ್ಷದ ರಂಜಾನಿನಲ್ಲಿ ರಾತ್ರಿಯ ಇಶಾ ನಮಾಜಿನ ಹೊತ್ತಿಗೇ ಗೂಡಿಗೆ ಗೋಣಿ ಇಳಿಸಿಬಿಡುತ್ತಿದ್ದರಂತೆ, ಗರಿ ಹೋಗಲಿಲ್ಲವಂತೆ. ಅರ್ಧ ಕೋಳಿಗಳು ಹೊಸವು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಹೇಳಿದೆ. ಅವರು ನಕ್ಕರು.

“ನೀವು ಹಾಗೇ ಇದ್ದೀರಿ. ಮೊದಲ ದಿನವೇ ನಿಮಗೆ ತೋರಿಸಿದ್ದೆ, ನೀವು ನೋಡ್ಲಿಲ್ಲ.”

“ಏನು ತೋರಿಸಿದ್ದಿರಿ?”

“ಲೈಟಿನ ಕಂಬ. ಟೈರಿಗೆ ಕಾಂಕ್ರೀಟ್ ತುಂಬಿ ನಿಲ್ಲಿಸಿದ್ದು, ಎರಡು ಫ್ಲಡ್ ಲೈಟು, ಮುಖ ಗೂಡಿಗೆ. ಟೆಂಟಿನ ಒಟ್ಟಿಗೆ ಅದನ್ನು ತಕೊಂಡು ಹೋಗಿರ್ಲಿಲ್ಲ. ಆ ಮಗ ನಿಂತಿದ್ದ, ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಕುರ್ಚಿ ತಂದು ಅದರ ಬುಡದಲ್ಲೇ ಇಟ್ಟೆ. ಚೀಲವನ್ನೂ ಅದಕ್ಕೇ ಸಿಕ್ಕಿಸಿದೆ. ಓದಿದವರು, ತಲೆ ಎತ್ತಿ ನೋಡ್ತಾರೆ ಅಂತ ಎಣಿಸಿದೆ.”

“ಇಲ್ಲ ಕಾಕ. ಮರದ ಕೆಳಗೆ ಇಟ್ಟಿರಿ. ಇಲ್ಲಿ ನೆರಳುಂಟು ಅಂದಿರಿ.”

“ನೆರಳು ಅಂತ ನಾನು ಹೇಳಿದ್ದೇ ಇಲ್ಲ. ಇಲ್ಲಿಂದ ಎಲ್ಲ ಕಾಣ್ತದೆ ಅಂದದ್ದು.”

ನಾನು ವಾದಿಸಿದೆ. ಎಷ್ಟೋ ವರ್ಷದ ಮೇಲೆ ಎಲ್ಲರ ನೆನಪೂ ತಮಗೆ ಬೇಕಾದ ಹಾಗೆ ಬದಲಾಗುತ್ತದೆ ಎಂದೆ. “ಹೌದೌದು” ಎಂದು ಅವರು ಇನ್ನೊಂದು ಚಹಾ ತರಿಸಿದರು.

ಮನೆಗೆ ಬಂದು ಹಳೆಯ ಫೋನನ್ನು ಚಾರ್ಜಿಗೆ ಹಾಕಿದೆ. ಮೊದಲ ದಿನ ತೆಗೆದ ಕೋಳಿಗಳ ಫೋಟೋಗಳು ಅದರಲ್ಲೇ ಇದ್ದವು. ನಾಲ್ಕನೆಯದರಲ್ಲಿ ಕಾಕನ ಕೈಯಲ್ಲಿ ಹಸಿರು ಟೈಯ ಕಂದು ಕೋಳಿ, ಹಿಂದೆ ಆ ಬಿಳಿ ಕುರ್ಚಿ. ಫೋಟೋ ತೆಗೆದ ಸಮಯ ಬೆಳಿಗ್ಗೆ ಹತ್ತು ನಲವತ್ತು. ಎಲಚಿ ಮರ ಗೂಡಿನ ಆಚೆ ಬದಿಗಿದೆ, ಅದರ ನೆರಳೂ ಆಚೆಗೇ ಬಿದ್ದಿದೆ. ಕುರ್ಚಿ ಪೂರ್ತಿ ಬಿಸಿಲಿನಲ್ಲಿದೆ. ಅದರ ಪಕ್ಕದಲ್ಲಿ ಟೈರಿನಲ್ಲಿ ನಿಂತ ಕಬ್ಬಿಣದ ಕಂಬ, ಕಂಬಕ್ಕೆ ನೇತಾಡುತ್ತಿರುವುದು ನನ್ನ ಚೀಲ.